ವಿದ್ಯುದೃಣತ್ವ: ಆವರ್ತ ಕೋಷ್ಟಕದಲ್ಲಿ ಅದರ ಕ್ರಮ ಮತ್ತು ಕ್ರಮಭಂಗ

ಅಣುವಿನಲ್ಲಿರುವ ಪರಮಾಣು ಬಂಧದ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಸೆಳೆದುಕೊಳ್ಳುವ ಸಾಮರ್ಥ್ಯಕ್ಕೆ ವಿದ್ಯುದೃಣತ್ವ ಎಂದು ಹೆಸರು. ಕಾಲೇಜು ಪಾಠಗಳಲ್ಲಿ ಇದು ಎಲೆಕ್ಟ್ರೊನೆಗೆಟಿವಿಟಿ ಎಂದೂ ಪರಿಚಿತ. ಒಂದೇ ಧಾತುವಿನ ಎರಡು ಪರಮಾಣುಗಳು ಕೂಡಿಕೊಂಡರೆ ನಡುವಿನ ಎಲೆಕ್ಟ್ರಾನು ಜೋಡಿ ಎರಡಕ್ಕೂ ಸಮಪಾಲು. ಬೇರೆ ಬೇರೆ ಧಾತುಗಳು ಕೂಡಿಕೊಂಡರೆ ಜೋಡಿ ಒಂದರ ಕಡೆಗೆ ವಾಲುತ್ತದೆ. ಆ ತುದಿಯಲ್ಲಿ ಅಷ್ಟಿಷ್ಟು ಋಣಾವೇಶವೂ ಇನ್ನೊಂದು ತುದಿಯಲ್ಲಿ ಅಷ್ಟೇ ಧನಾವೇಶವೂ ಉಳಿಯುತ್ತವೆ. ನೀರು 100° ಸೆಲ್ಸಿಯಸ್‌ನಲ್ಲಿ ಕುದಿಯುವುದು, ಗಂಧಕದ ಆಕ್ಸೈಡು ನೀರಿನಲ್ಲಿ ಆಮ್ಲವಾಗುವುದು, ಸೋಡಿಯಂ ಆಕ್ಸೈಡು ಕ್ಷಾರವಾಗುವುದು, ಗ್ಯಾಲಿಯಂ ಆರ್ಸೆನೈಡ್ ಅರೆವಾಹಕವಾಗಿ ಬೆಳಕು ಸೂಸುವುದು, ಇವೆಲ್ಲದರ ಹಿಂದೆಯೂ ಈ ವಾಲುವಿಕೆಯ ಕೈವಾಡವಿದೆ.

ಈ ಗುಣ ಆವರ್ತ ಕೋಷ್ಟಕದಲ್ಲಿ ಎಡದಿಂದ ಬಲಕ್ಕೆ ಹೆಚ್ಚುತ್ತದೆ, ಮೇಲಿನಿಂದ ಕೆಳಕ್ಕೆ ಕಡಿಮೆಯಾಗುತ್ತದೆ. ಹಾಗಾಗಿ ಕೋಷ್ಟಕದ ಬಲ ಮೇಲ್ಮೂಲೆಯ ಫ್ಲೋರಿನ್ ಒಂದು ತುದಿ, ಎಡ ಕೆಳಮೂಲೆಯ ಸೀಸಿಯಂ ಮತ್ತು ಫ್ರಾನ್ಸಿಯಂ ಇನ್ನೊಂದು ತುದಿ. ಇದಕ್ಕೆ ಹಲವು ಅಪವಾದಗಳಿವೆ. ಆದರೆ ಕ್ರಮವನ್ನು ಹುಟ್ಟಿಸುವ ಕಾರಣಗಳೇ ಅಪವಾದಗಳನ್ನೂ ಹುಟ್ಟಿಸುತ್ತವೆ. ಆ ಕಾರಣಗಳು ತಿಳಿದರೆ ಎರಡನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಬೇಕಿಲ್ಲ.

ಪರಿಕಲ್ಪನೆಯ ಇತಿಹಾಸ

ಇಟಲಿಯ ವೋಲ್ಟಾ 1800ರಲ್ಲಿ ವಿದ್ಯುತ್ಕೋಶವನ್ನು ರಚಿಸಿದ ಮೇಲೆ ರಸಾಯನಜ್ಞರಿಗೆ ಹೊಸದೊಂದು ಸಾಧನ ದೊರೆಯಿತು. 1807ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕರಗಿದ ಕ್ಷಾರಗಳಲ್ಲಿ ವಿದ್ಯುತ್ ಹರಿಸಿ ಸೋಡಿಯಂ ಮತ್ತು ಪೊಟ್ಯಾಸಿಯಂ ಲೋಹಗಳನ್ನು ಬೇರ್ಪಡಿಸಿದ. ವಿದ್ಯುತ್ತು ಸಂಯುಕ್ತವನ್ನು ಒಡೆಯಬಲ್ಲದು ಎಂದಾದರೆ ಅದನ್ನು ಕೂಡಿಸಿದ್ದೂ ವಿದ್ಯುತ್ತೇ ಇರಬೇಕು ಎಂಬ ವಿಚಾರ ಇಲ್ಲಿಂದ ಬಲಗೊಂಡಿತು. ಸ್ವೀಡನ್ನಿನ ಬರ್ಜೀಲಿಯಸ್ 1811ರಲ್ಲಿ ಧಾತುಗಳನ್ನು ವಿದ್ಯುದೃಣ ಮತ್ತು ವಿದ್ಯುದ್ಧನ ಎಂದು ವಿಂಗಡಿಸಿ, ಮುಂದೆ ಅವನ್ನು ಒಂದೇ ಸಾಲಿನಲ್ಲಿ ಜೋಡಿಸಿದ. ಸಾಲಿನ ಋಣ ತುದಿಯಲ್ಲಿ ಆಕ್ಸಿಜನ್, ಧನ ತುದಿಯಲ್ಲಿ ಪೊಟ್ಯಾಸಿಯಂ. ಫ್ಲೋರಿನ್ ಆಗಿನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ. ಅದನ್ನು ಫ್ರಾನ್ಸಿನ ಆಂರಿ ಮ್ವಾಸ್ಸಾನ್ ಬೇರ್ಪಡಿಸಿದ್ದು 1886ರಲ್ಲಿ.

ಬರ್ಜೀಲಿಯಸ್‌ನ ಸಿದ್ಧಾಂತದ ಪ್ರಕಾರ ಧನ ಮತ್ತು ಋಣ ಧಾತುಗಳು ಮಾತ್ರ ಕೂಡಬಲ್ಲವು. ಎರಡು ಹೈಡ್ರೋಜನ್ ಪರಮಾಣುಗಳು ಕೂಡಿ ಅಣುವಾಗುತ್ತವೆ ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ. 1830ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಡ್ಯೂಮಾ ಅಸಿಟಿಕ್ ಆಮ್ಲದ ಮೂರು ಹೈಡ್ರೋಜನ್‌ಗಳ ಜಾಗದಲ್ಲಿ ಕ್ಲೋರಿನ್ ಕೂರಿಸಿದ. ಧನ ಧಾತುವಿನ ಸ್ಥಾನಕ್ಕೆ ಋಣ ಧಾತು ಬಂದರೂ ಆಮ್ಲ ಆಮ್ಲವಾಗಿಯೇ ಉಳಿಯಿತು. ಸಿದ್ಧಾಂತಕ್ಕೆ ಇದು ದೊಡ್ಡ ಪೆಟ್ಟಾಯಿತು. ಧಾತುಗಳ ಸಾಲು ಮಾತ್ರ ಉಪಯುಕ್ತವಾಗಿ ಉಳಿದುಕೊಂಡಿತು. 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಎಲೆಕ್ಟ್ರಾನು ಜೋಡಿಯ ಹಂಚಿಕೆಯೇ ಬಂಧ ಎಂದು ವಿವರಿಸಿದಾಗ ಹಳೆಯ ತೊಡಕು ಬಿಡಿಸಿಕೊಂಡಿತು. ಹಂಚಿಕೆ ಸಮವಾಗಿಯೂ ಇರಬಹುದು, ಅಸಮವಾಗಿಯೂ ಇರಬಹುದು. ಅಸಮ ಎಷ್ಟು ಎಂಬುದನ್ನು ಸಂಖ್ಯೆಯಲ್ಲಿ ಹೇಳುವುದಷ್ಟೇ ಉಳಿದ ಕೆಲಸವಾಯಿತು.

ಪಾಲಿಂಗ್ ಮಾಪಕ

ಆ ಕೆಲಸವನ್ನು 1932ರಲ್ಲಿ ಮಾಡಿದವರು ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಲೈನಸ್ ಪಾಲಿಂಗ್. ಅವರು ಗಮನಿಸಿದ್ದು ಒಂದು ಸರಳ ಸಂಗತಿಯನ್ನು. ಬೇರೆ ಬೇರೆ ಧಾತುಗಳ ನಡುವಿನ ಬಂಧ ಸಾಮಾನ್ಯವಾಗಿ ನಿರೀಕ್ಷೆಗಿಂತ ಗಟ್ಟಿಯಾಗಿರುತ್ತದೆ. ಹೈಡ್ರೋಜನ್ ಅಣುವಿನ ಬಂಧ ಮುರಿಯಲು ಮೋಲ್‌ಗೆ ಸುಮಾರು 436 ಕಿಲೋಜೌಲ್ ಬೇಕು, ಕ್ಲೋರಿನ್ ಅಣುವಿಗೆ ಸುಮಾರು 243. ಇವೆರಡರ ಸರಾಸರಿ 340ರ ಆಸುಪಾಸು. ಹೈಡ್ರೋಜನ್ ಕ್ಲೋರೈಡಿನಲ್ಲಿ ಹಂಚಿಕೆ ಸಮವಾಗಿದ್ದರೆ ಅದರ ಬಂಧವೂ ಅಷ್ಟೇ ಇರಬೇಕಿತ್ತು. ಅಳತೆ ಮಾಡಿದರೆ ಸಿಗುವುದು ಸುಮಾರು 431. ಹೆಚ್ಚುವರಿ 91 ಕಿಲೋಜೌಲ್ ಬಂದದ್ದು ಎರಡು ತುದಿಗಳ ವಿರುದ್ಧ ಆವೇಶಗಳ ಆಕರ್ಷಣೆಯಿಂದ ಎಂದು ಪಾಲಿಂಗ್ ತರ್ಕಿಸಿದರು. ಈ ಹೆಚ್ಚುವರಿಯನ್ನು ಎಲೆಕ್ಟ್ರಾನ್‌ವೋಲ್ಟ್‌ಗೆ ತಿರುಗಿಸಿದರೆ 0.94. ಅದರ ವರ್ಗಮೂಲ 0.97. ಅದೇ ಎರಡು ಧಾತುಗಳ ವಿದ್ಯುದೃಣತ್ವದ ಅಂತರ. ಇಂದಿನ ಕೋಷ್ಟಕಗಳಲ್ಲಿ ಕ್ಲೋರಿನ್ 3.16, ಹೈಡ್ರೋಜನ್ 2.20. ಅಂತರ 0.96.

ಈ ವಿಧಾನದಲ್ಲಿ ತಿಳಿಯುವುದು ಅಂತರ ಮಾತ್ರ. ಆದ್ದರಿಂದ ಒಂದು ಧಾತುವಿಗೆ ಬೆಲೆಯನ್ನು ನಿಗದಿಮಾಡಿಕೊಂಡು ಉಳಿದವನ್ನು ಲೆಕ್ಕಹಾಕಬೇಕು. ಫ್ಲೋರಿನ್‌ಗೆ ಸುಮಾರು 4 ಬರುವಂತೆ ಮಾಪಕವನ್ನು ಹೊಂದಿಸಲಾಯಿತು. 1961ರಲ್ಲಿ ಆಲ್ರೆಡ್ ಹೊಸ ಬಂಧಶಕ್ತಿ ಅಳತೆಗಳನ್ನು ಬಳಸಿ ಬೆಲೆಗಳನ್ನು ಪರಿಷ್ಕರಿಸಿದರು. ಫ್ಲೋರಿನ್‌ಗೆ 3.98 ಎಂಬ ಬೆಲೆ ನಿಂತದ್ದು ಹೀಗೆ. ಪಾಲಿಂಗ್ ಅವರ ರಾಸಾಯನಿಕ ಬಂಧದ ಸಂಶೋಧನೆಗೆ 1954ರ ನೊಬೆಲ್ ಪ್ರಶಸ್ತಿ ಬಂತು.

ಇತರ ಮಾಪಕಗಳು

ಬಂಧಶಕ್ತಿಯ ಲೆಕ್ಕ ಬಿಟ್ಟು ಪರಮಾಣುವಿನ ಗುಣಗಳಿಂದಲೇ ವಿದ್ಯುದೃಣತ್ವವನ್ನು ಪಡೆಯಲು 1934ರಲ್ಲಿ ರಾಬರ್ಟ್ ಮುಲ್ಲಿಕನ್ ದಾರಿ ತೋರಿದರು. ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಡದಿರುವ ಹಟ ಒಂದು, ಹೊಸದನ್ನು ಪಡೆಯುವ ಒಲವು ಇನ್ನೊಂದು. ಮೊದಲನೆಯದರ ಅಳತೆ ಅಯಾನೀಕರಣ ಶಕ್ತಿ, ಎರಡನೆಯದರ ಅಳತೆ ಎಲೆಕ್ಟ್ರಾನ್ ಒಲವು. ಮುಲ್ಲಿಕನ್ ಎರಡರ ಸರಾಸರಿ ತೆಗೆದುಕೊಂಡರು. ಫ್ಲೋರಿನ್‌ನ ಅಯಾನೀಕರಣ ಶಕ್ತಿ 17.42 ಎಲೆಕ್ಟ್ರಾನ್‌ವೋಲ್ಟ್, ಎಲೆಕ್ಟ್ರಾನ್ ಒಲವು 3.40. ಸರಾಸರಿ 10.41. ಕ್ಲೋರಿನ್‌ಗೆ ಇವು ಕ್ರಮವಾಗಿ 12.97 ಮತ್ತು 3.61, ಸರಾಸರಿ 8.29. ಇಲ್ಲೊಂದು ಸೂಕ್ಷ್ಮವಿದೆ. ಎಲೆಕ್ಟ್ರಾನ್ ಒಲವಿನಲ್ಲಿ ಎಲ್ಲ ಧಾತುಗಳಿಗಿಂತ ಮುಂದಿರುವುದು ಕ್ಲೋರಿನ್, ಫ್ಲೋರಿನ್ ಅಲ್ಲ. ಫ್ಲೋರಿನ್ ಪರಮಾಣು ತೀರ ಚಿಕ್ಕದು. ಅದರ ಹೊರಕವಚದಲ್ಲಿ ಒತ್ತೊತ್ತಾಗಿರುವ 7 ಎಲೆಕ್ಟ್ರಾನುಗಳು ಹೊಸದಾಗಿ ಬರುವುದನ್ನು ಸ್ವಲ್ಪ ಮಟ್ಟಿಗೆ ದೂರ ತಳ್ಳುತ್ತವೆ. ಆದರೂ ಇದ್ದುದನ್ನು ಹಿಡಿದುಕೊಳ್ಳುವ ಬಲದಲ್ಲಿ ಅದು ಎಷ್ಟೋ ಮುಂದಿರುವುದರಿಂದ ವಿದ್ಯುದೃಣತ್ವದಲ್ಲಿ ಅದಕ್ಕೇ ಮೊದಲ ಸ್ಥಾನ. ವಿದ್ಯುದೃಣತ್ವ ಮತ್ತು ಎಲೆಕ್ಟ್ರಾನ್ ಒಲವು ಒಂದೇ ಎಂದು ತಿಳಿಯಬಾರದೆಂಬುದಕ್ಕೆ ಇದು ಸಾಕ್ಷಿ.

1958ರಲ್ಲಿ ಆಲ್ರೆಡ್ ಮತ್ತು ರೋಕೊ ಇನ್ನೂ ನೇರವಾದ ಚಿತ್ರ ಕೊಟ್ಟರು. ಪರಮಾಣುವಿನ ಅಂಚಿನಲ್ಲಿರುವ ಎಲೆಕ್ಟ್ರಾನಿನ ಮೇಲೆ ನ್ಯೂಕ್ಲಿಯಸ್ಸಿನ ಸೆಳೆತ ಎಷ್ಟೋ ಅದೇ ವಿದ್ಯುದೃಣತ್ವ. ಆವೇಶವನ್ನು ದೂರದ ವರ್ಗದಿಂದ ಭಾಗಿಸಿ ಅದನ್ನು ಲೆಕ್ಕಹಾಕಬಹುದು. 1989ರಲ್ಲಿ ಲೀಲೆಂಡ್ ಆಲೆನ್ ಹೊರಕವಚದ ಎಲೆಕ್ಟ್ರಾನುಗಳ ಸರಾಸರಿ ಶಕ್ತಿಯನ್ನೇ ಮಾಪಕವಾಗಿಸಿದರು. ರೋಹಿತ ಮಾಪನದಿಂದ ನೇರವಾಗಿ ಪಡೆಯಬಹುದಾದ ಈ ಬೆಲೆಗಳಲ್ಲಿ ಅತಿ ಹೆಚ್ಚಿನದು ನಿಯಾನ್‌ನದು. 2019ರಲ್ಲಿ ಮಾರ್ಟಿನ್ ರಾಮ್, ರೋಆಲ್ಡ್ ಹಾಫ್‌ಮನ್ ಮತ್ತು ಸಹೋದ್ಯೋಗಿಗಳು ಇದೇ ವಿಚಾರವನ್ನು ಮುಂದುವರಿಸಿ 96 ಧಾತುಗಳಿಗೆ ಬೆಲೆಗಳನ್ನು ಪ್ರಕಟಿಸಿದರು. ಈ ಮಾಪಕಗಳ ಏಕಮಾನ, ಲೆಕ್ಕದ ದಾರಿ ಬೇರೆ ಬೇರೆ. ಆದರೂ ಧಾತುಗಳ ಅನುಕ್ರಮ ಬಹುಮಟ್ಟಿಗೆ ಒಂದೇ ಬರುತ್ತದೆ. ಬಂಧಶಕ್ತಿ, ಸ್ಥಿರವಿದ್ಯುತ್ ಸೆಳೆತ, ರೋಹಿತ ಮಾಪನಗಳಂಥ ಸಂಬಂಧವಿಲ್ಲದ ಅಳತೆಗಳು ಒಂದೇ ಕಡೆಗೆ ಕೈತೋರಿಸುವುದರಿಂದಲೇ ಈ ಪರಿಕಲ್ಪನೆಯ ಮೇಲೆ ವಿಶ್ವಾಸ ಮೂಡುತ್ತದೆ. ಮುಂದೆ ಕೊಟ್ಟಿರುವ ಬೆಲೆಗಳೆಲ್ಲ ಪಾಲಿಂಗ್ ಮಾಪಕದವು.

ಏರಿಳಿತದ ಎರಡು ಕಾರಣಗಳು

ಹೊರಕವಚದ ಎಲೆಕ್ಟ್ರಾನಿಗೆ ನ್ಯೂಕ್ಲಿಯಸ್ಸಿನ ಪೂರ್ಣ ಸೆಳೆತ ತಟ್ಟುವುದಿಲ್ಲ. ಒಳಗಿನ ಕವಚಗಳ ಎಲೆಕ್ಟ್ರಾನುಗಳು ನಡುವೆ ಮರೆಯಾಗಿ ನಿಂತು ಧನಾವೇಶದ ಒಂದು ಪಾಲನ್ನು ತಡೆಯುತ್ತವೆ. ಮರೆ ದಾಟಿ ಬರುವ ಪಾಲೇ ನಿವ್ವಳ ಆವೇಶ. ಇದು ಮೊದಲ ಕಾರಣ. ಎಲೆಕ್ಟ್ರಾನು ನ್ಯೂಕ್ಲಿಯಸ್ಸಿನಿಂದ ಎಷ್ಟು ದೂರದಲ್ಲಿದೆ ಎಂಬುದು ಎರಡನೆಯ ಕಾರಣ. ನಿವ್ವಳ ಆವೇಶ ಹೆಚ್ಚಿದರೆ ಸೆಳೆತ ಹೆಚ್ಚು, ದೂರ ಹೆಚ್ಚಿದರೆ ಸೆಳೆತ ಕಡಿಮೆ. ಕೋಷ್ಟಕದ ಎಲ್ಲ ಏರಿಳಿತಗಳನ್ನೂ ಈ ಎರಡರ ಲೆಕ್ಕಾಚಾರವಾಗಿ ಓದಬಹುದು.

ಎಲ್ಲ ಎಲೆಕ್ಟ್ರಾನುಗಳೂ ಒಂದೇ ಸಮನಾಗಿ ಮರೆ ಹಿಡಿಯುವುದಿಲ್ಲ. ಒಳಕವಚದವು ಚೆನ್ನಾಗಿ ಮರೆಮಾಡುತ್ತವೆ. ಒಂದೇ ಕವಚದಲ್ಲಿ ಜೊತೆಗಿರುವವು ಪರಸ್ಪರ ಮರೆಮಾಡುವುದು ಸ್ವಲ್ಪವೇ. ಡಿ ಮತ್ತು ಎಫ್ ಕಕ್ಷಕಗಳ ಎಲೆಕ್ಟ್ರಾನುಗಳು ಹರಡಿಕೊಂಡಿರುವುದರಿಂದ ಅವುಗಳ ಮರೆ ತೆಳುವಾದುದು. ಅಪವಾದಗಳು ಹುಟ್ಟುವುದು ಇಲ್ಲಿಂದಲೇ.

ಎಡದಿಂದ ಬಲಕ್ಕೆ

ಎರಡನೆಯ ಆವರ್ತದ ಬೆಲೆಗಳು ಹೀಗಿವೆ: ಲಿಥಿಯಂ 0.98, ಬೆರಿಲಿಯಂ 1.57, ಬೋರಾನ್ 2.04, ಕಾರ್ಬನ್ 2.55, ನೈಟ್ರೋಜನ್ 3.04, ಆಕ್ಸಿಜನ್ 3.44, ಫ್ಲೋರಿನ್ 3.98. ಪ್ರತಿ ಹೆಜ್ಜೆಗೂ ಸುಮಾರು 0.5ರಷ್ಟು ಏರಿಕೆ. ಒಂದು ಮನೆ ಬಲಕ್ಕೆ ಸರಿದಾಗ ನ್ಯೂಕ್ಲಿಯಸ್ಸಿಗೆ ಒಂದು ಪ್ರೋಟಾನ್, ಹೊರಕವಚಕ್ಕೆ ಒಂದು ಎಲೆಕ್ಟ್ರಾನು ಸೇರುತ್ತವೆ. ಹೊಸ ಎಲೆಕ್ಟ್ರಾನು ಅದೇ ಕವಚಕ್ಕೆ ಬಂದದ್ದರಿಂದ ಅದು ಹಿಡಿಯುವ ಮರೆ ಹೊಸ ಪ್ರೋಟಾನಿನ ಸೆಳೆತವನ್ನು ಸರಿದೂಗಿಸಲಾರದು. 1930ರಲ್ಲಿ ಜಾನ್ ಸ್ಲೇಟರ್ ಕೊಟ್ಟ ನಿಯಮಗಳಂತೆ ಲೆಕ್ಕ ಹಾಕಿದರೆ ಹೊರಗಿನ ಎಲೆಕ್ಟ್ರಾನಿಗೆ ತಟ್ಟುವ ನಿವ್ವಳ ಆವೇಶ ಲಿಥಿಯಂನಲ್ಲಿ 1.30, ಫ್ಲೋರಿನ್‌ನಲ್ಲಿ 5.20. ಅಂದರೆ ನಾಲ್ಕು ಪಟ್ಟು. ಸೆಳೆತ ಹೆಚ್ಚಿದಂತೆ ಪರಮಾಣು ಕುಗ್ಗುವುದರಿಂದ ದೂರವೂ ಕಡಿಮೆಯಾಗುತ್ತದೆ. ಲಿಥಿಯಂನ ಸಹವೇಲೆನ್ಸ್ ತ್ರಿಜ್ಯ ಸುಮಾರು 128 ಪಿಕೋಮೀಟರ್, ಫ್ಲೋರಿನ್‌ನದು 57. ಎರಡೂ ಕಾರಣಗಳು ಒಂದೇ ದಿಕ್ಕಿಗೆ ಎಳೆಯುವುದರಿಂದ ಆವರ್ತದುದ್ದಕ್ಕೂ ಏರಿಕೆ ಕಡಿದಾಗಿದೆ.

ಮೂರನೆಯ ಆವರ್ತದಲ್ಲೂ ಇದೇ ಕಥೆ: ಸೋಡಿಯಂ 0.93, ಮೆಗ್ನೀಷಿಯಂ 1.31, ಅಲ್ಯೂಮಿನಿಯಂ 1.61, ಸಿಲಿಕಾನ್ 1.90, ರಂಜಕ 2.19, ಗಂಧಕ 2.58, ಕ್ಲೋರಿನ್ 3.16. ಲೋಹದಿಂದ ಅರೆಲೋಹ, ಅರೆಲೋಹದಿಂದ ಅಲೋಹ ಎಂಬ ಪರಿವರ್ತನೆ ಈ ಏರಿಕೆಯ ಜೊತೆಜೊತೆಗೇ ಸಾಗುತ್ತದೆ. ಬೋರಾನ್, ಸಿಲಿಕಾನ್, ಜರ್ಮೇನಿಯಂ, ಆರ್ಸೆನಿಕ್, ಆಂಟಿಮೊನಿ, ಟೆಲ್ಲೂರಿಯಂ ಎಂಬ ಅರೆಲೋಹಗಳೆಲ್ಲ 1.9ರಿಂದ 2.2ರ ನಡುವೆ ಗುಂಪುಗೂಡಿರುವುದು ಆಕಸ್ಮಿಕವಲ್ಲ.

ಮೇಲಿನಿಂದ ಕೆಳಕ್ಕೆ

ಹ್ಯಾಲೊಜನ್ ಗುಂಪಿನಲ್ಲಿ ಇಳಿಕೆ ಸ್ಪಷ್ಟ: ಫ್ಲೋರಿನ್ 3.98, ಕ್ಲೋರಿನ್ 3.16, ಬ್ರೋಮಿನ್ 2.96, ಅಯೋಡಿನ್ 2.66. ಕ್ಷಾರಲೋಹಗಳಲ್ಲಿ ಲಿಥಿಯಂ 0.98ರಿಂದ ಸೀಸಿಯಂ 0.79ರವರೆಗೆ. ಒಂದು ಮನೆ ಕೆಳಗಿಳಿದಾಗ ಪೂರ್ತಿ ಒಂದು ಕವಚವೇ ಹೊಸದಾಗಿ ಸೇರುತ್ತದೆ. ನ್ಯೂಕ್ಲಿಯಸ್ಸಿನ ಆವೇಶ ಹೆಚ್ಚುವುದು ನಿಜ. ಆದರೆ ಒಳಗಿನ ತುಂಬಿದ ಕವಚಗಳು ಅದರ ಬಹುಪಾಲನ್ನು ಮರೆಮಾಡುತ್ತವೆ, ಹೊರಗಿನ ಎಲೆಕ್ಟ್ರಾನು ಇನ್ನಷ್ಟು ದೂರ ಸರಿಯುತ್ತದೆ. ಇಲ್ಲಿ ದೂರದ ಕೈ ಮೇಲಾಗುತ್ತದೆ.

ಬಲಕ್ಕೆ ಸರಿದರೆ ಏರಿಕೆ, ಕೆಳಗೆ ಇಳಿದರೆ ಇಳಿಕೆ. ಹಾಗಾದರೆ ಒಂದು ಮನೆ ಬಲಕ್ಕೆ, ಒಂದು ಮನೆ ಕೆಳಕ್ಕೆ, ಅಂದರೆ ಓರೆಯಾಗಿ ಸರಿದರೆ ಎರಡೂ ಪರಿಣಾಮಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಬೇಕು. ಹಾಗೆಯೇ ಆಗುತ್ತದೆ. ಬೆರಿಲಿಯಂ 1.57, ಅದರ ಓರೆಯಲ್ಲಿರುವ ಅಲ್ಯೂಮಿನಿಯಂ 1.61. ಬೋರಾನ್ 2.04, ಸಿಲಿಕಾನ್ 1.90. ಬೆರಿಲಿಯಂ ತನ್ನದೇ ಗುಂಪಿನ ಮೆಗ್ನೀಷಿಯಂಗಿಂತ ಅಲ್ಯೂಮಿನಿಯಂ ಅನ್ನು ಹೋಲುವುದು ಹಲವು ಕ್ರಿಯೆಗಳಲ್ಲಿ ಕಾಣುತ್ತದೆ. ಎರಡರ ಆಕ್ಸೈಡುಗಳೂ ಆಮ್ಲದಲ್ಲೂ ಕರಗುತ್ತವೆ, ಕ್ಷಾರದಲ್ಲೂ ಕರಗುತ್ತವೆ. ಈ ಓರೆ ಸಂಬಂಧಕ್ಕೆ ವಿದ್ಯುದೃಣತ್ವದ ಸಾಮ್ಯವೂ ಒಂದು ಮುಖ್ಯ ಕಾರಣ.

ಕ್ರಮ ಮುರಿಯುವ ಎಡೆಗಳು

ಹದಿಮೂರನೆಯ ಗುಂಪಿನಲ್ಲಿ ಅಲ್ಯೂಮಿನಿಯಂ 1.61 ಇದ್ದರೆ ಅದರ ಕೆಳಗಿನ ಗ್ಯಾಲಿಯಂ 1.81. ಹದಿನಾಲ್ಕರಲ್ಲಿ ಸಿಲಿಕಾನ್ 1.90, ಜರ್ಮೇನಿಯಂ 2.01. ಇಳಿಯಬೇಕಾದಲ್ಲಿ ಏರಿಕೆ. ಅಲ್ಯೂಮಿನಿಯಂನಿಂದ ಗ್ಯಾಲಿಯಂಗೆ ಬರುವಾಗ ನಡುವೆ ಸ್ಕ್ಯಾಂಡಿಯಂನಿಂದ ಸತುವಿನವರೆಗಿನ 10 ಧಾತುಗಳು ಬಂದುಹೋಗಿರುತ್ತವೆ. ಅಷ್ಟರಲ್ಲಿ ನ್ಯೂಕ್ಲಿಯಸ್ಸಿಗೆ ಹತ್ತು ಹೆಚ್ಚುವರಿ ಪ್ರೋಟಾನುಗಳು ಸೇರಿವೆ. ಅವುಗಳೆದುರು ಮರೆಯಾಗಿ ನಿಂತಿರುವುದು ಡಿ ಕಕ್ಷಕದ ಹತ್ತು ಎಲೆಕ್ಟ್ರಾನುಗಳು, ಅವುಗಳ ಮರೆ ತೆಳುವು. ಹೀಗಾಗಿ ಕವಚ ಒಂದು ಹೆಚ್ಚಿದ್ದರೂ ಗ್ಯಾಲಿಯಂ ಪರಮಾಣು ಅಲ್ಯೂಮಿನಿಯಂನಷ್ಟೇ ಗಾತ್ರದ್ದು. ಮೊದಲ ಅಯಾನೀಕರಣ ಶಕ್ತಿಯೂ ಬಹುತೇಕ ಸಮ. ಅಲ್ಯೂಮಿನಿಯಂಗೆ ಮೋಲ್‌ಗೆ 577.5 ಕಿಲೋಜೌಲ್, ಗ್ಯಾಲಿಯಂಗೆ 578.8.

ಸಂಕ್ರಮಣ ಧಾತುಗಳ ಸಾಲಿನಲ್ಲಿ ಏರಿಕೆ ನಿಧಾನ ಮತ್ತು ಅಂಕುಡೊಂಕು. ಸ್ಕ್ಯಾಂಡಿಯಂ 1.36ರಿಂದ ನಿಕ್ಕಲ್ 1.91ರವರೆಗೆ ಹೋಗುವಾಗ ನಡುವೆ ಮ್ಯಾಂಗನೀಸ್ 1.55ಕ್ಕೆ ಕುಸಿಯುತ್ತದೆ, ಕೊನೆಯಲ್ಲಿ ಸತು 1.65ಕ್ಕೆ ಇಳಿಯುತ್ತದೆ. ಹೊಸ ಎಲೆಕ್ಟ್ರಾನುಗಳು ಒಳಗಿನ ಡಿ ಕಕ್ಷಕಕ್ಕೆ ಸೇರುವುದರಿಂದ ಹೊರಗಿನವಕ್ಕೆ ಪ್ರತಿ ಹೆಜ್ಜೆಯಲ್ಲೂ ತಟ್ಟುವ ವ್ಯತ್ಯಾಸ ಚಿಕ್ಕದು. ಮ್ಯಾಂಗನೀಸಿನಲ್ಲಿ ಡಿ ಕಕ್ಷಕಗಳು ಅರ್ಧ ತುಂಬಿವೆ, ಸತುವಿನಲ್ಲಿ ಪೂರ್ತಿ ತುಂಬಿವೆ. ಬಂಧ ಕಟ್ಟುವುದಕ್ಕೆ ಅವುಗಳ ನೆರವು ಅಲ್ಲಿ ಕಡಿಮೆ. ಲ್ಯಾಂಥನೈಡುಗಳಲ್ಲಂತೂ ಲ್ಯಾಂಥನಂ 1.10ರಿಂದ ಲುಟೇಶಿಯಂ 1.27ರವರೆಗೆ ಇಡೀ ಸಾಲಿನ ವ್ಯತ್ಯಾಸವೇ ಅಲ್ಪ. ಅವನ್ನು ಒಂದರಿಂದೊಂದು ಬೇರ್ಪಡಿಸುವುದು ಕಷ್ಟವಾಗಿರುವುದಕ್ಕೆ ಇಂಥ ಸಾಮ್ಯವೇ ಕಾರಣ.

ಎಲ್ಲಕ್ಕಿಂತ ದೊಡ್ಡ ಕ್ರಮಭಂಗ ಚಿನ್ನದ್ದು. ತಾಮ್ರ 1.90, ಬೆಳ್ಳಿ 1.93, ಚಿನ್ನ 2.54. ಲೋಹವೊಂದರ ಬೆಲೆ ಕಾರ್ಬನ್ನಿನ ಸಮಕ್ಕೆ ಬಂದುಬಿಟ್ಟಿದೆ. ಚಿನ್ನಕ್ಕೆ ಮುನ್ನ 14 ಎಫ್ ಎಲೆಕ್ಟ್ರಾನುಗಳು ತುಂಬಿರುತ್ತವೆ. ಅವುಗಳ ಮರೆ ಡಿ ಎಲೆಕ್ಟ್ರಾನುಗಳದ್ದಕ್ಕಿಂತಲೂ ತೆಳುವು. ಇದರ ಜೊತೆಗೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವೂ ಇಲ್ಲಿ ಕೆಲಸಮಾಡುತ್ತದೆ. 79 ಪ್ರೋಟಾನುಗಳ ನ್ಯೂಕ್ಲಿಯಸ್ಸಿನ ಪಕ್ಕದಲ್ಲಿರುವ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು. ಅಷ್ಟು ವೇಗದಲ್ಲಿ ಎಸ್ ಕಕ್ಷಕಗಳು ಒಳಕ್ಕೆ ಕುಗ್ಗುತ್ತವೆ. ಈ ಪರಿಣಾಮ ಹೊರಗಿನ ಎಸ್ ಎಲೆಕ್ಟ್ರಾನನ್ನೂ ಮುಟ್ಟುವುದರಿಂದ ಚಿನ್ನ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಚಿನ್ನದ ಎಲೆಕ್ಟ್ರಾನ್ ಒಲವು 2.31 ಎಲೆಕ್ಟ್ರಾನ್‌ವೋಲ್ಟ್, ಆಕ್ಸಿಜನ್ನಿನದು 1.46 ಮಾತ್ರ. ಸೀಸಿಯಂ ಜೊತೆ ಬೆರೆತಾಗ ಚಿನ್ನ ಋಣ ಅಯಾನಾಗುತ್ತದೆ. ಎರಡು ಲೋಹಗಳು ಕೂಡಿದ್ದರೂ ಸಿಗುವ ಸೀಸಿಯಂ ಆರೈಡ್ ಲೋಹವಲ್ಲ, ಅಯಾನಿಕ ಸ್ವಭಾವದ ಅರೆವಾಹಕ.

ಹೈಡ್ರೋಜನ್ ಮತ್ತು ಜಡಾನಿಲಗಳು

ಕೋಷ್ಟಕದಲ್ಲಿ ಕ್ಷಾರಲೋಹಗಳ ತಲೆಯ ಮೇಲೆ ಕೂತಿದ್ದರೂ ಹೈಡ್ರೋಜನ್ನಿನ ಬೆಲೆ 2.20. ಬೋರಾನ್ ಮತ್ತು ಕಾರ್ಬನ್‌ಗಳ ನಡುವಿನ ಸ್ಥಾನ ಅದರದು. ಹಾಗಾಗಿ ಅದು ಎರಡೂ ಕಡೆಯವರೊಂದಿಗೆ ಎರಡು ಬಗೆಯಾಗಿ ನಡೆದುಕೊಳ್ಳುತ್ತದೆ. ಕ್ಲೋರಿನ್ ಜೊತೆ ಅದು ಧನ ತುದಿ. ಸೋಡಿಯಂ ಜೊತೆ ಅದೇ ಋಣ ಅಯಾನಾಗಿ ಸೋಡಿಯಂ ಹೈಡ್ರೈಡ್ ಕೊಡುತ್ತದೆ. ಮೀಥೇನ್ ಮತ್ತು ಸಿಲೇನ್‌ಗಳ ಹೋಲಿಕೆ ಇನ್ನೂ ಬೋಧಪ್ರದ. ಮೀಥೇನಿನಲ್ಲಿ ಎಲೆಕ್ಟ್ರಾನುಗಳು ಅಲ್ಪ ಪ್ರಮಾಣದಲ್ಲಿ ಕಾರ್ಬನ್ ಕಡೆಗೆ ವಾಲಿವೆ. ಸಿಲಿಕಾನಿನ ಬೆಲೆ ಹೈಡ್ರೋಜನ್ನಿಗಿಂತ ಕಡಿಮೆಯಾದ್ದರಿಂದ ಸಿಲೇನಿನಲ್ಲಿ ವಾಲುವಿಕೆ ತಿರುವುಮುರುವು. ಮೀಥೇನಿಗೆ ಬೆಂಕಿ ಹಚ್ಚಬೇಕು. ಸಿಲೇನ್ ಗಾಳಿ ಸೋಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅದರ ಈ ಚುರುಕಿನಲ್ಲಿ ತಿರುಗಿದ ಧ್ರುವೀಯತೆಗೂ ಪಾಲಿದೆ.

ಜಡಾನಿಲಗಳು ಬಂಧವನ್ನೇ ಕಟ್ಟುವುದಿಲ್ಲ ಎಂಬ ನಂಬಿಕೆ ಇದ್ದಷ್ಟು ಕಾಲ ಅವಕ್ಕೆ ಪಾಲಿಂಗ್ ಬೆಲೆ ಇರಲಿಲ್ಲ. 1962ರಲ್ಲಿ ಕೆನಡಾದಲ್ಲಿದ್ದ ನೀಲ್ ಬಾರ್ಟ್ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಕ್ಸಿಜನ್ ಅಣುವಿನಿಂದಲೇ ಎಲೆಕ್ಟ್ರಾನು ಕಸಿಯುವುದನ್ನು ಕಂಡರು. ಝೆನಾನ್‌ನ ಅಯಾನೀಕರಣ ಶಕ್ತಿಯೂ ಆಕ್ಸಿಜನ್ ಅಣುವಿನದ್ದೂ ಹೆಚ್ಚುಕಡಿಮೆ ಒಂದೇ ಎಂದು ಗಮನಿಸಿ ಅದರ ಮೇಲೂ ಪ್ರಯೋಗಿಸಿದರು. ಝೆನಾನ್‌ನ ಮೊದಲ ಸಂಯುಕ್ತ ಹುಟ್ಟಿತು. ಬಂಧಶಕ್ತಿ ಅಳೆಯಲು ಸಾಧ್ಯವಾದ ಮೇಲೆ ಝೆನಾನ್‌ಗೆ 2.60, ಕ್ರಿಪ್ಟಾನ್‌ಗೆ 3.00 ಎಂಬ ಬೆಲೆಗಳು ಬಂದವು. ಇವು ಎಲೆಕ್ಟ್ರಾನು ಹಂಚಿಕೊಳ್ಳಲು ಒಪ್ಪುವುದು ಮುಖ್ಯವಾಗಿ ಫ್ಲೋರಿನ್ ಮತ್ತು ಆಕ್ಸಿಜನ್‌ಗಳ ಜೊತೆಗೆ, ಅಂದರೆ ತಮಗಿಂತ ಬಲವಾಗಿ ಸೆಳೆಯಬಲ್ಲವುಗಳ ಜೊತೆಗೆ.

ಬಂಧದ ಸ್ವರೂಪ

ಎರಡು ಧಾತುಗಳ ಅಂತರ ಹೆಚ್ಚಿದಂತೆ ಬಂಧ ಸಹವೇಲೆನ್ಸ್ ಸ್ವಭಾವದಿಂದ ಅಯಾನಿಕ ಸ್ವಭಾವದತ್ತ ಸರಿಯುತ್ತದೆ. ಪಾಲಿಂಗ್ ಕೊಟ್ಟ ಅಂದಾಜು ಸೂತ್ರದಂತೆ ಅಂತರ 1.7 ಆದಾಗ ಅಯಾನಿಕ ಸ್ವಭಾವ ಸುಮಾರು ಅರ್ಧ. ಸೋಡಿಯಂ ಕ್ಲೋರೈಡಿನಲ್ಲಿ ಅಂತರ 2.23, ಅಯಾನಿಕ ಪಾಲು ಸುಮಾರು 71 ಪ್ರತಿಶತ. ಸೀಸಿಯಂ ಫ್ಲೋರೈಡಿನಲ್ಲಿ ಅಂತರ 3.19, ಪಾಲು 92. ನೂರಕ್ಕೆ ನೂರು ಅಯಾನಿಕ ಎನ್ನಬಹುದಾದ ಬಂಧ ಯಾವುದೂ ಇಲ್ಲ. ಸಹವೇಲೆನ್ಸ್, ಅಯಾನಿಕ ಎಂಬ ಎರಡು ಪೆಟ್ಟಿಗೆಗಳಲ್ಲಿ ಎಲ್ಲ ಸಂಯುಕ್ತಗಳನ್ನೂ ಹಾಕುವುದು ಶಾಲೆಯ ಮೊದಲ ಪಾಠಕ್ಕೆ ಸಾಕು. ವಾಸ್ತವದಲ್ಲಿ ಇರುವುದು ಒಂದು ನಿರಂತರ ಇಳಿಜಾರು.

ಅಂತರವಷ್ಟೇ ನೋಡಿದರೆ ಸಾಲದು, ಸರಾಸರಿಯೂ ಮುಖ್ಯ. ಸೀಸಿಯಂ ಲೋಹದಲ್ಲೂ ಫ್ಲೋರಿನ್ ಅನಿಲದಲ್ಲೂ ಅಂತರ ಸೊನ್ನೆಯೇ. ಒಂದು ಲೋಹ, ಇನ್ನೊಂದು ಸಹವೇಲೆನ್ಸ್ ಅಣು. ನೆದರ್ಲೆಂಡ್ಸಿನ ವಾನ್ ಆರ್ಕೆಲ್ ಮತ್ತು ಕೆಟೆಲಾರ್ 1940ರ ದಶಕದಲ್ಲಿ ಇದನ್ನು ತ್ರಿಕೋನವಾಗಿ ನಿರೂಪಿಸಿದರು. ಮೂರು ಮೂಲೆಗಳಲ್ಲಿ ಸೀಸಿಯಂ, ಫ್ಲೋರಿನ್, ಸೀಸಿಯಂ ಫ್ಲೋರೈಡ್. ಅಂದರೆ ಲೋಹಬಂಧ, ಸಹವೇಲೆನ್ಸ್ ಬಂಧ, ಅಯಾನಿಕ ಬಂಧ. ಎರಡೇ ಧಾತುಗಳ ಸಂಯುಕ್ತಗಳೆಲ್ಲ ಈ ತ್ರಿಕೋನದೊಳಗೆ ತಮ್ಮ ತಮ್ಮ ಜಾಗ ಹಿಡಿಯುತ್ತವೆ.

ವಾಲುವಿಕೆಯನ್ನು ಪ್ರಯೋಗದಲ್ಲಿ ಅಳೆಯುವುದು ದ್ವಿಧ್ರುವ ಮಹತ್ವದ ಮೂಲಕ, ಡಿಬೈ ಎಂಬ ಏಕಮಾನದಲ್ಲಿ. ಹೈಡ್ರೋಜನ್ ಫ್ಲೋರೈಡಿಗೆ 1.83 ಡಿಬೈ, ಕ್ಲೋರೈಡಿಗೆ 1.11, ಬ್ರೋಮೈಡಿಗೆ 0.83, ಅಯೋಡೈಡಿಗೆ 0.45. ಹ್ಯಾಲೊಜನ್‌ಗಳ ಇಳಿಕೆಯ ಕ್ರಮವೇ ಇಲ್ಲಿ ಮರುಕಳಿಸಿದೆ. ಅಣುವಿನ ಆಕಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾರ್ಬನ್ ಡೈಆಕ್ಸೈಡಿನ ಎರಡೂ ಬಂಧಗಳು ಧ್ರುವೀಯವೇ ಆದರೂ ನೇರ ರೇಖೆಯಲ್ಲಿ ಎದುರುಬದುರಾಗಿರುವುದರಿಂದ ಒಟ್ಟು ಸೊನ್ನೆ. ನೀರಿನ ಅಣು 104.5 ಡಿಗ್ರಿಗೆ ಬಾಗಿರುವುದರಿಂದ 1.85 ಡಿಬೈ ಉಳಿಯುತ್ತದೆ.

ಹೈಡ್ರೋಜನ್ ಬಂಧಕ್ಕೂ ಇದೇ ತಳಹದಿ. ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್‌ಗಳಿಗೆ ಅಂಟಿದ ಹೈಡ್ರೋಜನ್ ತನ್ನ ಏಕೈಕ ಎಲೆಕ್ಟ್ರಾನಿನ ಒಂದಷ್ಟು ಪಾಲು ಕಳೆದುಕೊಂಡು ಪಕ್ಕದ ಅಣುವಿನ ಎಲೆಕ್ಟ್ರಾನು ಜೋಡಿಗೆ ಆತುಕೊಳ್ಳುತ್ತದೆ. ಹದಿನಾರನೆಯ ಗುಂಪಿನ ಹೈಡ್ರೈಡುಗಳು ಕುದಿಯುವ ಉಷ್ಣತೆ ನೋಡಿ: ಟೆಲ್ಲೂರಿಯಂನದು ಸುಮಾರು -2°, ಸೆಲೆನಿಯಂನದು -41°, ಗಂಧಕದ್ದು -60°. ಇದೇ ಇಳಿಕೆ ಮುಂದುವರಿದಿದ್ದರೆ ಆಕ್ಸಿಜನ್ನಿನ ಹೈಡ್ರೈಡಾದ ನೀರು ಭೂಮಿಯ ಮೇಲೆ ಆವಿಯಾಗಿಯೇ ಇರಬೇಕಿತ್ತು. ಅದು ಕುದಿಯುವುದು 100° ಸೆಲ್ಸಿಯಸ್‌ನಲ್ಲಿ. ಡಿಎನ್‌ಎಯ ಎರಡು ಎಳೆಗಳನ್ನು ಕೂಡಿಸಿ ಹಿಡಿಯುವುದರಲ್ಲೂ ಇದೇ ಬಂಧದ ಪಾತ್ರವಿದೆ. ಜೀವ ನಿಂತಿರುವುದು ಆಕ್ಸಿಜನ್ ಮತ್ತು ನೈಟ್ರೋಜನ್‌ಗಳ ಹೆಚ್ಚಿನ ವಿದ್ಯುದೃಣತ್ವದ ಮೇಲೆ ಎಂದರೆ ಉತ್ಪ್ರೇಕ್ಷೆಯಲ್ಲ.

ಆಕ್ಸೈಡುಗಳು ಮತ್ತು ಆಮ್ಲಗಳು

ಮೂರನೆಯ ಆವರ್ತದ ಆಕ್ಸೈಡುಗಳು ಎಡದಿಂದ ಬಲಕ್ಕೆ ಪ್ರತ್ಯಾಮ್ಲದಿಂದ ಆಮ್ಲಕ್ಕೆ ಬದಲಾಗುತ್ತವೆ. ಸೋಡಿಯಂ, ಮೆಗ್ನೀಷಿಯಂಗಳದ್ದು ಪ್ರತ್ಯಾಮ್ಲೀಯ, ಅಲ್ಯೂಮಿನಿಯಂನದು ಉಭಯಧರ್ಮಿ, ಸಿಲಿಕಾನ್, ರಂಜಕ, ಗಂಧಕ, ಕ್ಲೋರಿನ್‌ಗಳದ್ದು ಆಮ್ಲೀಯ. ಇವು ನೀರಿನೊಡನೆ ಕೂಡಿದಾಗ ಧಾತು, ಆಕ್ಸಿಜನ್, ಹೈಡ್ರೋಜನ್ ಒಂದರ ಪಕ್ಕ ಒಂದಾಗಿ ನಿಲ್ಲುತ್ತವೆ. ಧಾತುವಿನ ಹಿಡಿತ ಸಡಿಲವಾಗಿದ್ದರೆ ಅದಕ್ಕೂ ಆಕ್ಸಿಜನ್ನಿಗೂ ನಡುವಿನ ಬಂಧ ಬಿಟ್ಟು ಹೈಡ್ರಾಕ್ಸೈಡ್ ಅಯಾನು ಹೊರಬೀಳುತ್ತದೆ. ಧಾತುವೇ ಬಲವಾಗಿ ಸೆಳೆಯುವಂತಿದ್ದರೆ ಆಕ್ಸಿಜನ್ನಿನ ಎಲೆಕ್ಟ್ರಾನುಗಳು ಅತ್ತ ಸರಿದು, ಹೈಡ್ರೋಜನ್ ಸಡಿಲಗೊಂಡು ಪ್ರೋಟಾನಾಗಿ ಹೊರಬೀಳುತ್ತದೆ. ಒಂದೇ ಧಾತುವಿನಲ್ಲೂ ಉತ್ಕರ್ಷಣ ಸ್ಥಿತಿ ಏರಿದಂತೆ ಸೆಳೆತ ಹೆಚ್ಚುತ್ತದೆ. ಮ್ಯಾಂಗನೀಸಿನ +2 ಸ್ಥಿತಿಯ ಆಕ್ಸೈಡ್ ಪ್ರತ್ಯಾಮ್ಲ, +7 ಸ್ಥಿತಿಯದು ತೀವ್ರ ಆಮ್ಲೀಯ. ಪಾಲಿಂಗ್ ಮಾಪಕದಲ್ಲಿ ಸೀಸಕ್ಕೆ +2ರಲ್ಲಿ 1.87, +4ರಲ್ಲಿ 2.33 ಎಂದು ಎರಡು ಬೆಲೆಗಳಿರುವುದೂ ಇದೇ ಕಾರಣಕ್ಕೆ.

ಡ್ಯೂಮಾನ ಕ್ಲೋರಿನ್ ಪ್ರಯೋಗಕ್ಕೆ ಈಗ ಪೂರ್ತಿ ಅರ್ಥ ಬರುತ್ತದೆ. ಅಸಿಟಿಕ್ ಆಮ್ಲಕ್ಕೆ ಒಂದೇ ಕ್ಲೋರಿನ್ ಸೇರಿಸಿದರೂ ಅದರ ಆಮ್ಲ ವಿಯೋಜನ ಸ್ಥಿರಾಂಕ ಸುಮಾರು 80 ಪಟ್ಟು ಹೆಚ್ಚುತ್ತದೆ. ಕ್ಲೋರಿನ್ ಕಾರ್ಬನ್ ಸರಪಳಿಯ ಮೂಲಕ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದು, ಪ್ರೋಟಾನು ಹೋದ ಮೇಲೆ ಉಳಿಯುವ ಋಣಾವೇಶವನ್ನು ಹಂಚಿ ಹಗುರಗೊಳಿಸುತ್ತದೆ. ಮೂರು ಕ್ಲೋರಿನ್‌ಗಳಿದ್ದರೆ ಆಮ್ಲ ಇನ್ನೂ ಪ್ರಬಲ. ಬರ್ಜೀಲಿಯಸ್‌ನ ಸಿದ್ಧಾಂತವನ್ನು ಕೆಡವಿದ ಸಂಯುಕ್ತವನ್ನೇ ಅವನು ಹೆಸರಿಟ್ಟ ಗುಣ ಇಂದು ವಿವರಿಸುತ್ತಿದೆ.

ಕಾರ್ಬನ್ ಮತ್ತು ಅರೆವಾಹಕಗಳು

ಕಾರ್ಬನ್ನಿನ ಬೆಲೆ ಮಾಪಕದ ನಡುಮಧ್ಯದಲ್ಲಿರುವುದರಿಂದ ಅದು ಸಂಗಾತಿಗೆ ತಕ್ಕಂತೆ ಧನವೂ ಆಗಬಲ್ಲದು, ಋಣವೂ ಆಗಬಲ್ಲದು. ಕ್ಲೋರಿನ್ ಜೊತೆಗಿರುವ ಕಾರ್ಬನ್ ಎಲೆಕ್ಟ್ರಾನಿನ ಕೊರತೆಯಲ್ಲಿರುತ್ತದೆ. ಅದೇ ಕಾರ್ಬನ್ ಮೆಗ್ನೀಷಿಯಂಗೆ ಅಂಟಿದಾಗ 1.24ರ ಅಂತರದಿಂದ ಋಣ ತುದಿಯಾಗುತ್ತದೆ. ಕೊರತೆಯ ಕಾರ್ಬನ್ನಿಗೂ ಸಮೃದ್ಧಿಯ ಕಾರ್ಬನ್ನಿಗೂ ಗಂಟು ಹಾಕಿ ಹೊಸ ಸರಪಳಿ ಕಟ್ಟಬಹುದೆಂದು ತೋರಿಸಿದ ವಿಕ್ಟರ್ ಗ್ರಿನ್ಯಾರ್‌ಗೆ 1912ರಲ್ಲಿ ನೊಬೆಲ್ ಬಂತು. ಔಷಧ ತಯಾರಿಕೆಯಲ್ಲಿ ಈ ವಿಧಾನ ಇಂದಿಗೂ ನಿತ್ಯ ಬಳಕೆಯಲ್ಲಿದೆ.

ಘನವಸ್ತುಗಳಲ್ಲಿ ಇದರ ಪರಿಣಾಮಕ್ಕೆ ನಾಲ್ಕನೆಯ ಆವರ್ತದ ಒಂದು ಸಾಲು ಉತ್ತಮ ಉದಾಹರಣೆ. ಜರ್ಮೇನಿಯಂ, ಗ್ಯಾಲಿಯಂ ಆರ್ಸೆನೈಡ್, ಸತುವಿನ ಸೆಲೆನೈಡ್ ಈ ಮೂರರಲ್ಲೂ ಪ್ರತಿ ಜೋಡಿ ಪರಮಾಣುವಿಗೆ ಎಂಟೇ ಹೊರ ಎಲೆಕ್ಟ್ರಾನುಗಳು, ಜೋಡಣೆಯೂ ವಜ್ರದ ಮಾದರಿಯದೇ, ಪರಮಾಣುಗಳ ನಡುವಿನ ದೂರವೂ ಬಹುತೇಕ ಒಂದೇ. ಬದಲಾಗುವುದು ವಿದ್ಯುದೃಣತ್ವದ ಅಂತರ ಮಾತ್ರ: ಸೊನ್ನೆ, 0.37, 0.90. ಅದರ ಜೊತೆಗೆ ಎಲೆಕ್ಟ್ರಾನು ಸಂಚರಿಸಲು ದಾಟಬೇಕಾದ ಶಕ್ತಿಯ ಕಂದಕವೂ 0.67, 1.42, 2.7 ಎಲೆಕ್ಟ್ರಾನ್‌ವೋಲ್ಟ್ ಎಂದು ಅಗಲವಾಗುತ್ತದೆ. ಅರೆವಾಹಕ ಯಾವ ಬಣ್ಣದ ಬೆಳಕನ್ನು ಹೀರುತ್ತದೆ ಎಂಬುದನ್ನು ಈ ಕಂದಕವೇ ನಿರ್ಧರಿಸುತ್ತದೆ.

ಮಿತಿಗಳು

ವಿದ್ಯುದೃಣತ್ವವನ್ನು ತಕ್ಕಡಿಯಲ್ಲೋ ಉಷ್ಣಮಾಪಕದಲ್ಲೋ ನೇರವಾಗಿ ಅಳೆಯಲಾಗದು. ಅದು ಬಿಡಿ ಪರಮಾಣುವಿನ ಗುಣವಲ್ಲ, ಬಂಧದಲ್ಲಿರುವ ಪರಮಾಣುವಿನ ಗುಣ. ಆದ್ದರಿಂದ ಸುತ್ತಲಿನ ಸಂಗಾತಿಗಳನ್ನೂ ಉತ್ಕರ್ಷಣ ಸ್ಥಿತಿಯನ್ನೂ ಅವಲಂಬಿಸುತ್ತದೆ. ಸ್ಯಾಂಡರ್ಸನ್ 1951ರಲ್ಲಿ ಸೂಚಿಸಿದಂತೆ, ಅಣು ರೂಪುಗೊಳ್ಳುವಾಗ ಎಲೆಕ್ಟ್ರಾನುಗಳು ಕಡಿಮೆಯಿಂದ ಹೆಚ್ಚಿನ ಕಡೆಗೆ ಸರಿದು ಎಲ್ಲ ಪರಮಾಣುಗಳ ವಿದ್ಯುದೃಣತ್ವವೂ ಸಮವಾಗುತ್ತದೆ. 1978ರಲ್ಲಿ ರಾಬರ್ಟ್ ಪಾರ್ ಮತ್ತು ಸಂಗಡಿಗರು ವಿದ್ಯುದೃಣತ್ವವೆಂದರೆ ಎಲೆಕ್ಟ್ರಾನುಗಳ ರಾಸಾಯನಿಕ ವಿಭವದ ಋಣ ಬೆಲೆ ಎಂದು ಕ್ವಾಂಟಂ ಸಿದ್ಧಾಂತದಲ್ಲಿ ತೋರಿಸಿ ಈ ಸಮಗೊಳ್ಳುವಿಕೆಗೆ ಭದ್ರ ನೆಲೆ ಒದಗಿಸಿದರು.

ಈ ಒಂದೇ ಸಂಖ್ಯೆಯಿಂದ ಎಲ್ಲವನ್ನೂ ಊಹಿಸಹೊರಟರೆ ತಪ್ಪುವುದೂ ಉಂಟು. ಬಂಧ ಅತ್ಯಂತ ಧ್ರುವೀಯವಾಗಿರುವ ಹೈಡ್ರೋಫ್ಲೋರಿಕ್ ಆಮ್ಲ ನೀರಿನಲ್ಲಿ ದುರ್ಬಲ ಆಮ್ಲ, ಹೈಡ್ರೊಅಯೋಡಿಕ್ ಆಮ್ಲ ಅತಿ ಪ್ರಬಲ. ಹೈಡ್ರೋಜನ್ನಿಗೂ ಫ್ಲೋರಿನ್‌ಗೂ ನಡುವಿನ ಬಂಧ ಮುರಿಯಲು ಮೋಲ್‌ಗೆ ಸುಮಾರು 567 ಕಿಲೋಜೌಲ್ ಬೇಕು, ಅಯೋಡಿನ್ ಜೊತೆಗಿನದಕ್ಕೆ ಸುಮಾರು 298 ಸಾಕು. ಇಲ್ಲಿ ಧ್ರುವೀಯತೆಗಿಂತ ಬಂಧದ ಗಟ್ಟಿತನ ಮೇಲುಗೈ ಪಡೆದಿದೆ. ಕಾರ್ಬನ್ ಮಾನಾಕ್ಸೈಡಿನಲ್ಲಿ ಆಕ್ಸಿಜನ್ನೇ ಹೆಚ್ಚು ವಿದ್ಯುದೃಣವಾದರೂ ದ್ವಿಧ್ರುವದ ಋಣ ತುದಿ ಕಾರ್ಬನ್. ಅಲ್ಲಿ ಕಾರ್ಬನ್ ಮೇಲಿರುವ ಬಿಡಿ ಎಲೆಕ್ಟ್ರಾನು ಜೋಡಿಯ ಹರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಂಥ ಎಡೆಗಳಲ್ಲಿ ಸಂಖ್ಯೆಯನ್ನು ಬಿಟ್ಟು ಅದರ ಹಿಂದಿನ ಕಾರಣಗಳಿಗೆ ಹೋಗಬೇಕಾಗುತ್ತದೆ. ನ್ಯೂಕ್ಲಿಯಸ್ಸಿನ ನಿವ್ವಳ ಆವೇಶ ಎಷ್ಟು, ಎಲೆಕ್ಟ್ರಾನು ಎಷ್ಟು ದೂರ, ಮರೆ ಎಷ್ಟು ದಟ್ಟ ಎಂದು ಕೇಳಿಕೊಂಡವರಿಗೆ ಗ್ಯಾಲಿಯಂನ ಏರಿಕೆಯೂ ಚಿನ್ನದ ಹಟವೂ ಫ್ಲೋರಿನ್‌ನ ಮೊದಲ ಸ್ಥಾನದಷ್ಟೇ ಸಹಜವಾಗಿ ಕಾಣುತ್ತವೆ. ಪಠ್ಯಪುಸ್ತಕದ ಬಾಣಗುರುತುಗಳು ಎಡ ಬಲ, ಮೇಲೆ ಕೆಳಗೆ ಎಂದಷ್ಟೇ ತೋರಿಸುತ್ತವೆ. ಧಾತುವಿನ ನಡತೆಯನ್ನು ಮುಂಚಿತವಾಗಿ ಹೇಳುವ ಶಕ್ತಿ ಬರುವುದು ಆ ಮೂರು ಪ್ರಶ್ನೆಗಳಿಂದ.